ಗಂಟುರೋಗದ ಕಣವೂ ಮೈಕ್ರಾನಿನ ಅಳತೆಯೂ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸೀಮೆಗಳಲ್ಲಿ ಹಿಪ್ಪುನೇರಳೆಯ ತೋಟವುಳ್ಳ ಮನೆತನಗಳಿಗೆ ರೇಷ್ಮೆಹುಳುವಿನ ಮೊಟ್ಟೆಯ ಗಾತ್ರವನ್ನು ಯಾರೂ ಹೇಳಿಕೊಡಬೇಕಾದುದಿಲ್ಲ. ಅದು ರಾಗಿಯ ಕಾಳಿನಷ್ಟು. ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು. ಆದರೆ ಆ ಮೊಟ್ಟೆಯೊಳಗೆ ಅಡಗಿ ತಾಯಿಚಿಟ್ಟೆಯಿಂದ ಮರಿಗೆ ಇಳಿಯುವ ಗಂಟುರೋಗದ ಕಣವಾದರೋ ಬರಿಗಣ್ಣಿಗೆ ಗೋಚರವಾಗತಕ್ಕುದಲ್ಲ. ಸಾಲಮಾಡಿ ತಂದ ಬಿತ್ತನೆ, ನಿದ್ದೆಗೆಟ್ಟು ಹಾಕಿದ ಸೊಪ್ಪು, ಎಲ್ಲವೂ ಹುಳು ಚಂದ್ರಿಕೆಗೆ ಏರುವ ಮುನ್ನವೇ ತಿಪ್ಪೆಯ ಪಾಲಾಗುವುದು ಇದರಿಂದಲೇ.

ಅತ್ಯಲ್ಪವನ್ನು ಅಳೆಯುವ ಹಂಬಲವು ಭರತಖಂಡಕ್ಕೆ ಹೊಸದಲ್ಲ. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಎಂಟು ಪರಮಾಣುಗಳಿಗೆ ರಥಚಕ್ರದ ಒಂದು ಧೂಳಿಕಣ, ಅಂಥ ಎಂಟಕ್ಕೆ ಒಂದು ಸೀರು, ಎಂಟು ಸೀರಿಗೆ ಒಂದು ಹೇನು, ಎಂಟು ಹೇನಿಗೆ ಒಂದು ಜವೆಯ ನಡು, ಎಂಟು ಜವೆಗೆ ಒಂದು ಅಂಗುಲವೆಂದು ಲೆಕ್ಕವಿದೆ. ಅಂಗುಲವನ್ನು ಮುಕ್ಕಾಲು ಇಂಚೆಂದು ಹಿಡಿದರೆ ಆ ಧೂಳಿಕಣವು ಮಿಲಿಮೀಟರಿನ ಸಾವಿರ ಪಾಲುಗಳಲ್ಲಿ ಸುಮಾರು ನಾಲ್ಕೂವರೆ ಪಾಲಾಗುತ್ತದೆ. ಇದು ಭಾಗಾಕಾರದ ಫಲವೇ ಹೊರತು ಕಂಡು ಅಳೆದುದಲ್ಲ. ಆದರೂ ಬುದ್ಧಿಯು ಕಣ್ಣಿಗಿಂತ ಎಷ್ಟು ಮುಂದೆ ಹೋಗಿತ್ತೆಂಬುದು ಗಮನಾರ್ಹ.

ಕಂಡವರಿಗೆ ಅಳತೆಗೋಲು ಇರಲಿಲ್ಲ. ೧೬೭೦ರ ದಶಕದಲ್ಲಿ ಹಾಲೆಂಡಿನ ಲೇವನ್‌ಹುಕ್ ರಕ್ತಕಣಗಳನ್ನು ನೋಡಿದಾಗ ಅವನ್ನು ಮರಳಿನ ಕಾಳಿಗೆ ಹೋಲಿಸಬೇಕಾಯಿತು. ಮಿಲಿಮೀಟರಿನ ಸಾವಿರದೊಂದು ಪಾಲಿಗೆ ‘ಮೈಕ್ರಾನ್’ ಎಂಬ ಹೆಸರು ಅಂತರರಾಷ್ಟ್ರೀಯ ಮನ್ನಣೆ ಪಡೆದುದು ೧೮೭೯ರಲ್ಲಿ. ಈ ಮಾನದಿಂದ ಮನುಷ್ಯನ ಕೆಂಪು ರಕ್ತಕಣದ ಅಡ್ಡಳತೆ ಏಳೆಂಟು. ಪ್ರಾಣಿಗಳ ಜೀವಕೋಶಗಳಲ್ಲಿ ಹೆಚ್ಚಿನವು ಹತ್ತರಿಂದ ಮೂವತ್ತು. ರೇಷ್ಮೆಹುಳುವಿನ ನೂಲುಗ್ರಂಥಿಯ ಕೋಶಗಳು ಮಾತ್ರ ಈ ಕಟ್ಟಳೆಗೆ ಒಳಪಡವು. ಹುಳು ಮೊಟ್ಟೆಯೊಡೆದ ಮೇಲೆ ಅವು ಸಂಖ್ಯೆಯಲ್ಲಿ ಹೆಚ್ಚದೆ ಗಾತ್ರದಲ್ಲಿಯೇ ಬೆಳೆದು ದೈತ್ಯಾಕಾರವನ್ನು ತಾಳುತ್ತವೆ. ಗಂಟುರೋಗದ ಕಣದ ಉದ್ದ ಸುಮಾರು ನಾಲ್ಕು ಮೈಕ್ರಾನ್, ಅಗಲ ಎರಡು. ಕೌಟಿಲ್ಯನ ಧೂಳಿಗಿಂತಲೂ ಕಿರಿದು. ಆದುದರಿಂದಲೇ ಹುಳುವಿನ ಒಂದೊಂದು ಕೋಶದೊಳಗೂ ಅದು ಗುಂಪುಗುಂಪಾಗಿ ತುಂಬಿಕೊಳ್ಳಬಲ್ಲದು.

ಫ್ರಾನ್ಸಿನ ರೇಷ್ಮೆ ಕೃಷಿಯು ಇದೇ ವ್ಯಾಧಿಯಿಂದ ನಾಶದ ಅಂಚಿಗೆ ಬಂದಾಗ ೧೮೬೫ರಲ್ಲಿ ಪಾಶ್ಚರನು ಆಲೆಸ್ ಪಟ್ಟಣಕ್ಕೆ ಹೋದನು. ಆ ಕಣಗಳನ್ನು ಅವನಿಗಿಂತ ಮೊದಲೇ ಇತರರು ಕಂಡಿದ್ದರು. ಅವನು ಕೊಟ್ಟುದು ಅವುಗಳನ್ನು ಬಲಿಗೊಳ್ಳದಂತೆ ತಡೆಯುವ ಉಪಾಯ. ಒಂದೊಂದು ಚಿಟ್ಟೆಯಿಂದಲೂ ಬೇರೆಬೇರೆಯಾಗಿ ಮೊಟ್ಟೆಯಿಡಿಸಿ, ಅನಂತರ ಆ ಚಿಟ್ಟೆಯನ್ನು ಅರೆದು, ಒಂದು ತೊಟ್ಟನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸುವುದೇ ಅದು. ೧೮೭೦ರಲ್ಲಿ ಅವನ ಗ್ರಂಥ ಹೊರಬಂದಿತು.

ಮೈಕ್ರಾನೆಂಬ ಹೆಸರನ್ನು ೧೯೬೭ರಲ್ಲಿ ಕೈಬಿಟ್ಟು ಮೈಕ್ರೋಮೀಟರ್ ಎಂದೇ ಕರೆಯಬೇಕೆಂದು ವಿಧಿಸಲಾಯಿತು. ಪಾಶ್ಚರನ ಪರೀಕ್ಷೆಯಾದರೋ ಬಿತ್ತನೆ ಕೋಠಿಗಳಲ್ಲಿ ಇಂದಿಗೂ ನಡೆಯುತ್ತಿದೆ. ಆರುನೂರು ಪಟ್ಟು ಹಿಗ್ಗಿದ ಆ ತೊಟ್ಟಿನಲ್ಲಿ ಹೊಳೆಯುವ ಅಂಡಾಕಾರದ ಕಣವೊಂದು ಕಂಡರೆ, ಆ ತಾಯಿ ಇಟ್ಟ ನಾಲ್ಕೈದು ನೂರು ಮೊಟ್ಟೆಗಳೂ ಬೆಂಕಿಗೆ ಹೋಗುತ್ತವೆ.