ಗೇರ್ ಪೆಟ್ಟಿಗೆಯ ಎಣ್ಣೆ ಮತ್ತು ಒಡೆಯನ ಕೈ: ಹೈಬ್ರಿಡ್ ಕಾರಿನ ಒಂದು ಗೃಹಕೃತ್ಯದ ಪೂರ್ವೇತಿಹಾಸ

ಯಂತ್ರಗಳ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಅವುಗಳನ್ನು ನಿರ್ಮಿಸಿದವರ ಚರಿತ್ರೆಯನ್ನೇ ಬರೆದಿದ್ದಾರೆ. ನಿರ್ಮಾಣವಾದ ಯಂತ್ರವನ್ನು ವರ್ಷಾನುವರ್ಷ ಉಳಿಸಿಕೊಂಡು ಬಂದವರ ಕೆಲಸಕ್ಕೆ ದೊರೆತಿರುವ ಗಮನ ಅತ್ಯಲ್ಪ. ಪ್ರಕೃತ ಲೇಖನದಲ್ಲಿ ನಾವು ಎತ್ತಿಕೊಂಡಿರುವ ವಿಷಯ ಇಂತಹ ಒಂದು ಸಣ್ಣ ಕೆಲಸ: ಪೆಟ್ರೋಲು ಮತ್ತು ವಿದ್ಯುತ್ತುಗಳೆರಡರಿಂದಲೂ ಓಡುವ ಹೈಬ್ರಿಡ್ ಕಾರಿನ ಗೇರ್ ಪೆಟ್ಟಿಗೆಯ ಎಣ್ಣೆಯನ್ನು ಅದರ ಒಡೆಯನು ತನ್ನ ಮನೆಯ ಅಂಗಳದಲ್ಲಿ ತಾನೇ ಬದಲಾಯಿಸುವುದು. ಇದು ವಿಪರೀತ ಸಾಹಸವೆಂದು ಹಲವರು ಭಾವಿಸಿದ್ದಾರೆ. ಈ ಭಾವನೆ ಯಂತ್ರದ ಸ್ವರೂಪದಿಂದ ಹುಟ್ಟಿದುದಲ್ಲ, ಕಳೆದ ಒಂದು ಶತಮಾನದಲ್ಲಿ ತಯಾರಕರಿಗೂ ಒಡೆಯರಿಗೂ ನಡುವೆ ಏರ್ಪಟ್ಟ ಸಂಬಂಧದಿಂದ ಹುಟ್ಟಿದುದು ಎಂಬುದು ನಮ್ಮ ಅಭಿಪ್ರಾಯ.

ಅಮೆರಿಕದ ಫೋರ್ಡ್ ಕಂಪೆನಿಯು 1908ರಲ್ಲಿ ಹೊರತಂದು 1927ರವರೆಗೆ ಸುಮಾರು ಒಂದೂವರೆ ಕೋಟಿ ಸಂಖ್ಯೆಯಲ್ಲಿ ತಯಾರಿಸಿದ ‘ಮಾಡೆಲ್ ಟಿ’ ಕಾರಿನಿಂದ ಈ ವಿಚಾರವನ್ನು ಆರಂಭಿಸುವುದು ಯುಕ್ತ. ಅದರ ಗೇರ್ ಪೆಟ್ಟಿಗೆಯಲ್ಲಿದ್ದುದು ಗ್ರಹಚಕ್ರದ ಏರ್ಪಾಡು, ಎಂದರೆ ನಡುವಿನ ಒಂದು ಹಲ್ಲುಚಕ್ರದ ಸುತ್ತ ಸಣ್ಣ ಚಕ್ರಗಳು ಗ್ರಹಗಳಂತೆ ತಿರುಗುವ ವಿಧಾನ. ಎಂಜಿನ್ನಿಗೂ ಗೇರಿಗೂ ಒಂದೇ ಎಣ್ಣೆ. ಆ ಎಣ್ಣೆಯ ಮಟ್ಟವನ್ನು ತಿಳಿಯಲು ಕಡ್ಡಿಯಾಗಲಿ ಮುಳ್ಳಾಗಲಿ ಇರಲಿಲ್ಲ. ಪೆಟ್ಟಿಗೆಯ ಕೆಳಭಾಗದಲ್ಲಿ ಒಂದರ ಮೇಲೊಂದು ಎರಡು ಪುಟ್ಟ ನಲ್ಲಿಗಳಿದ್ದವು. ಒಡೆಯನು ಕಾರಿನ ಅಡಿಗೆ ತೆವಳಿ ಅವನ್ನು ತಿರುಗಿಸಬೇಕು. ಕೆಳಗಿನ ನಲ್ಲಿಯಲ್ಲಿ ಎಣ್ಣೆ ಬಂದು ಮೇಲಿನದರಲ್ಲಿ ಬಾರದಿದ್ದರೆ ಮಟ್ಟ ಸರಿಯಾಗಿದೆಯೆಂದು ಅರ್ಥ. ಕಾರಿನೊಂದಿಗೆ ಬರುತ್ತಿದ್ದ ಕೈಪಿಡಿಯು ಪ್ರಶ್ನೋತ್ತರ ರೂಪದಲ್ಲಿತ್ತು. ಕೊಂಡವನು ರೈತನೇ ಆಗಲಿ ಅಂಗಡಿಕಾರನೇ ಆಗಲಿ, ಯಂತ್ರದ ಒಳಗನ್ನು ಅವನು ಅರಿಯಬಲ್ಲನು, ಅರಿಯತಕ್ಕದ್ದು, ಎಂಬ ಭಾವನೆಯಿಂದಲೇ ಅದನ್ನು ಬರೆದಿದ್ದರು. ಇದರಲ್ಲಿ ಔದಾರ್ಯಕ್ಕಿಂತ ಅನಿವಾರ್ಯತೆಯೇ ಹೆಚ್ಚಿದ್ದಿರಬಹುದು. ಹತ್ತಾರು ಮೈಲಿ ಸುತ್ತಳತೆಯಲ್ಲಿ ಮೆಕ್ಯಾನಿಕ್ ಇಲ್ಲದ ಊರುಗಳಿಗೆ ಕಾರನ್ನು ಮಾರಬೇಕಾದಲ್ಲಿ ಬೇರೆ ದಾರಿ ಇರಲಿಲ್ಲ.

ಎರಡನೆಯ ಘಟ್ಟವು ತಾನಾಗಿಯೇ ಗೇರು ಬದಲಾಯಿಸಿಕೊಳ್ಳುವ ಪೆಟ್ಟಿಗೆಯಿಂದ ಆರಂಭವಾಗುತ್ತದೆ. ಜನರಲ್ ಮೋಟರ್ಸ್ ಸಂಸ್ಥೆಯ ‘ಹೈಡ್ರಮ್ಯಾಟಿಕ್’ 1939ರಲ್ಲಿ, ಮರುವರ್ಷದ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳೊಂದಿಗೆ, ಮಾರುಕಟ್ಟೆಗೆ ಬಂದಿತು. ಎರಡನೆಯ ಮಹಾಯುದ್ಧದಲ್ಲಿ ಇದೇ ಪೆಟ್ಟಿಗೆಯನ್ನು ಹಗುರವಾದ ಟ್ಯಾಂಕುಗಳಲ್ಲಿಯೂ ಅಳವಡಿಸಿದ್ದುಂಟು. ಇಲ್ಲಿ ಎಣ್ಣೆಯ ಪಾತ್ರವೇ ಬದಲಾಯಿತು. ಅದು ಕೇವಲ ಸವಕಳಿಯನ್ನು ತಡೆಯುವ ಜಿಡ್ಡಾಗಿ ಉಳಿಯಲಿಲ್ಲ. ಎಂಜಿನ್ನಿನ ಬಲವನ್ನು ಚಕ್ರಗಳತ್ತ ಸಾಗಿಸುವ, ಒತ್ತಡದಿಂದ ಗೇರನ್ನು ಬದಲಾಯಿಸುವ ದ್ರವವೂ ಆಯಿತು. ಅದರಲ್ಲಿ ಮುಳುಗಿದ ಕ್ಲಚ್ ಬಿಲ್ಲೆಗಳು ಪರಸ್ಪರ ಹಿಡಿಯಬೇಕು, ಆದರೆ ಹಿಡಿಯುವಾಗ ಕಾರು ಕುಲುಕಬಾರದು. ಜಾರಿಕೆ, ಹಿಡಿತ ಎಂಬ ಪರಸ್ಪರ ವಿರುದ್ಧವಾದ ಎರಡು ಗುಣಗಳನ್ನು ಒಂದೇ ದ್ರವದಿಂದ ಅಪೇಕ್ಷಿಸಿದಂತಾಯಿತು. 1949ರಲ್ಲಿ ಆ ಸಂಸ್ಥೆಯು ‘ಟೈಪ್ ಎ’ ಎಂಬ ಹೆಸರಿನಿಂದ ಈ ಎಣ್ಣೆಯ ಗುಣಲಕ್ಷಣಗಳನ್ನು ಗೊತ್ತುಪಡಿಸಿತು. ಎಂಜಿನ್ ಎಣ್ಣೆಯೊಡನೆ ಬೆರಕೆಯಾಗದಿರಲೆಂದು ಇಂತಹ ಎಣ್ಣೆಗೆ ಕೆಂಪು ಬಣ್ಣವನ್ನು ಸೇರಿಸುವ ರೂಢಿ ಬೆಳೆಯಿತು. ಮೆಕ್ಯಾನಿಕ್‌ಗಳು ನೆಲದ ಮೇಲಿನ ಕೆಂಪು ಹನಿಯನ್ನು ಕಂಡೊಡನೆ ಸೋರಿಕೆ ಎಲ್ಲಿಯದೆಂದು ಹೇಳುವುದು ಈ ಬಣ್ಣದ ಬಲದಿಂದಲೇ.

ಆ ವಿರುದ್ಧ ಗುಣಗಳನ್ನು ಒಂದುಗೂಡಿಸಿಕೊಟ್ಟ ಪದಾರ್ಥ ಯಾವುದೆಂಬುದು ವಾಚಕರಲ್ಲಿ ಅನೇಕರಿಗೆ ಆಶ್ಚರ್ಯವನ್ನುಂಟುಮಾಡೀತು. ಅದು ಸ್ಪರ್ಮ್ ತಿಮಿಂಗಿಲದ ಎಣ್ಣೆ. ಹತ್ತೊಂಬತ್ತನೆಯ ಶತಮಾನದಲ್ಲಿ ದೀಪಕ್ಕೆಂದು ಈ ಪ್ರಾಣಿಯನ್ನು ಕೊಲ್ಲುತ್ತಿದ್ದರೆಂಬುದು ಎಲ್ಲರೂ ಬಲ್ಲ ಸಂಗತಿ. ಸೀಮೆಎಣ್ಣೆ ಬಂದಮೇಲೆ ಆ ಬೇಟೆಗೆ ಕಾರಣವೇ ಉಳಿಯಲಿಲ್ಲವೆಂದು ಪಠ್ಯಪುಸ್ತಕಗಳು ಹೇಳುವುದುಂಟು. ಈ ಮಾತು ಪೂರ್ತಿ ನಿಜವಲ್ಲ. ತಿಮಿಂಗಿಲದ ಎಣ್ಣೆಯು ರಾಸಾಯನಿಕವಾಗಿ ಒಂದು ದ್ರವರೂಪದ ಮೇಣ. ಚಳಿಯಲ್ಲಿ ಅತಿಯಾಗಿ ಗಟ್ಟಿಯಾಗದೆ, ಕಾವಿನಲ್ಲಿ ಅತಿಯಾಗಿ ತೆಳುವಾಗದೆ, ಲೋಹದ ಮೈಗೆ ಅಂಟಿಕೊಂಡು ನಿಲ್ಲುವ ಗುಣ ಅದಕ್ಕಿದೆ. ಆದಕಾರಣ ದೀಪದಿಂದ ಹೊರಬಿದ್ದ ಆ ಎಣ್ಣೆ ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಕಾರಿನ ಗೇರ್ ಪೆಟ್ಟಿಗೆಯನ್ನು ಹೊಕ್ಕಿತು. 1970ರಲ್ಲಿ ಅಮೆರಿಕದ ಸರ್ಕಾರ ಸ್ಪರ್ಮ್ ತಿಮಿಂಗಿಲವನ್ನು ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಿತು. 1973ರ ಕಾಯಿದೆ ಆ ರಕ್ಷಣೆಯನ್ನು ಬಲಪಡಿಸಿತು. ಎಣ್ಣೆಯ ತಯಾರಕರು ಬದಲಿ ಪದಾರ್ಥಕ್ಕಾಗಿ ತಡಕಾಡಬೇಕಾಯಿತು. ಬದಲಿ ಪದಾರ್ಥಗಳುಳ್ಳ ‘ಡೆಕ್ಸ್‌ರಾನ್ 2’ ಎಣ್ಣೆಯ ಮೊದಲ ರೂಪವು ಎಣ್ಣೆಯನ್ನು ತಂಪುಮಾಡುವ ಕೊಳವೆಗಳ ಬೆಸುಗೆಯನ್ನೇ ತಿನ್ನತೊಡಗಿದುದರಿಂದ ಅದನ್ನು ಮತ್ತೆ ತಿದ್ದಬೇಕಾಯಿತು. ಅಮೆರಿಕದ ಮರುಭೂಮಿಯ ಹೊಹೊಬ ಎಂಬ ಪೊದೆಯ ಬೀಜದ ಎಣ್ಣೆಯೂ ತಿಮಿಂಗಿಲದ ಎಣ್ಣೆಯಂತೆಯೇ ದ್ರವಮೇಣವೆಂದು ಗೊತ್ತಿದ್ದುದರಿಂದ ಅದರ ವ್ಯವಸಾಯಕ್ಕೆ ಪ್ರೋತ್ಸಾಹ ದೊರೆತುದೂ ಆ ದಶಕದಲ್ಲಿಯೇ.

ಈ ಘಟ್ಟದಲ್ಲಿಯೂ ಒಡೆಯನ ಕೈಗೆ ಒಂದು ಸಾಧನ ಉಳಿದಿತ್ತು. ಅದು ಎಣ್ಣೆಯಳೆಯುವ ಕಡ್ಡಿ. ಎಂಜಿನ್ನಿನ ಮುಚ್ಚಳವನ್ನೆತ್ತಿ ಕಡ್ಡಿಯನ್ನು ಹೊರಗೆಳೆದರೆ ಎಣ್ಣೆಯ ಮಟ್ಟ, ಬಣ್ಣ, ವಾಸನೆ ಮೂರೂ ತಿಳಿಯುತ್ತಿದ್ದವು. ಸುಟ್ಟ ವಾಸನೆ ಬಂದರೆ ಬಿಲ್ಲೆಗಳು ಸವೆದಿವೆಯೆಂದು ಶಾಸ್ತ್ರವನ್ನೋದದವನೂ ಹೇಳಬಲ್ಲವನಾಗಿದ್ದನು. ಇಪ್ಪತ್ತನೆಯ ಶತಮಾನದ ಕೊನೆಯ ವರ್ಷಗಳಿಂದ ಈ ಕಡ್ಡಿ ಒಂದೊಂದೇ ಮಾದರಿಯಿಂದ ಮಾಯವಾಗತೊಡಗಿತು. ಅದರ ಸ್ಥಾನದಲ್ಲಿ ‘ಆಜೀವ ಎಣ್ಣೆ’ ಎಂಬ ಮಾತು ಬಂದು ಕುಳಿತುಕೊಂಡಿತು. ಯಾರ ಜೀವ, ಯಾವುದರ ಜೀವ, ಎಂಬ ಪ್ರಶ್ನೆಯನ್ನು ಚರಿತ್ರೆಯ ವಿದ್ಯಾರ್ಥಿ ಇಲ್ಲಿ ಕೇಳಲೇಬೇಕು. ಗೇರ್ ಪೆಟ್ಟಿಗೆಗಳನ್ನು ತಯಾರಿಸಿ ಅನೇಕ ಕಾರು ಕಂಪೆನಿಗಳಿಗೆ ಒದಗಿಸುವ ಜರ್ಮನಿಯ ಝಡ್.ಎಫ್. ಸಂಸ್ಥೆಯು ತನ್ನ ಸ್ವಯಂಚಾಲಿತ ಪೆಟ್ಟಿಗೆಗಳ ಎಣ್ಣೆಯನ್ನು 80,000ದಿಂದ 1,20,000 ಕಿಲೋಮೀಟರುಗಳೊಳಗೆ, ಇಲ್ಲವೆ ಎಂಟು ವರ್ಷಗಳೊಳಗೆ, ಬದಲಾಯಿಸಬೇಕೆಂದು ಸಲಹೆ ಮಾಡಿದೆ. ಅದೇ ಪೆಟ್ಟಿಗೆಯುಳ್ಳ ಕಾರನ್ನು ಮಾರುವವರು ಎಣ್ಣೆ ಆಜೀವವೆಂದು ಹೇಳಿದುದುಂಟು. ಎರಡು ಸಾಕ್ಷ್ಯಗಳು ಹೀಗೆ ಪರಸ್ಪರ ವಿರುದ್ಧವಾಗಿರುವಲ್ಲಿ, ಪೆಟ್ಟಿಗೆಯನ್ನು ಕಟ್ಟಿದವನ ಮಾತನ್ನೇ ನಾವು ಹೆಚ್ಚು ನಂಬುತ್ತೇವೆ. ಮಾರುವವನ ದೃಷ್ಟಿ ಮೊದಲನೆಯ ಒಡೆಯನ ಮೇಲೆ. ಪೆಟ್ಟಿಗೆ ಕೆಡುವುದು ಬಹುವೇಳೆ ಎರಡನೆಯ ಅಥವಾ ಮೂರನೆಯ ಒಡೆಯನ ಕೈಯಲ್ಲಿ, ಮತ್ತು ಆ ಒಡೆಯನು ಸಾಮಾನ್ಯವಾಗಿ ಮೊದಲನೆಯವನಿಗಿಂತ ಬಡವನು.

ಇನ್ನು ಹೈಬ್ರಿಡ್ ಕಾರಿನ ವಿಚಾರ. ಜಪಾನಿನ ಟೊಯೋಟಾ ಸಂಸ್ಥೆಯ ‘ಪ್ರಿಯಸ್’ ಕಾರು 1997ರ ಡಿಸೆಂಬರಿನಲ್ಲಿ, ಕ್ಯೋಟೋ ನಗರದಲ್ಲಿ ಹವಾಮಾನದ ಒಪ್ಪಂದ ಅಂಗೀಕೃತವಾದ ತಿಂಗಳಿನಲ್ಲಿಯೇ, ಮಾರಾಟಕ್ಕೆ ಬಂದಿತು. ಅದರ ಗೇರ್ ಪೆಟ್ಟಿಗೆಯನ್ನು ಬಿಚ್ಚಿ ನೋಡಿದವರಿಗೆ ಮಾಡೆಲ್ ಟಿ ನೆನಪಾಗದೆ ಇರದು, ಅಲ್ಲಿರುವುದೂ ಗ್ರಹಚಕ್ರವೇ. ನಡುವಿನ ಸೂರ್ಯಚಕ್ರಕ್ಕೆ 30 ಹಲ್ಲು, ಗ್ರಹಗಳಿಗೆ 23, ಹೊರಗಿನ ಉಂಗುರಕ್ಕೆ 78. ಸೂರ್ಯಚಕ್ರಕ್ಕೆ ಒಂದು ವಿದ್ಯುತ್ ಮೋಟರು, ಉಂಗುರಕ್ಕೆ ಇನ್ನೊಂದು ಮೋಟರು ಹಾಗೂ ಕಾರಿನ ಗಾಲಿಗಳು, ಗ್ರಹಗಳನ್ನು ಹೊತ್ತ ಚೌಕಟ್ಟಿಗೆ ಪೆಟ್ರೋಲ್ ಎಂಜಿನ್. ಎಂಜಿನ್ನಿನ ತಿರುಚುಬಲ 108 ಭಾಗವಾದರೆ 78 ಭಾಗ ಉಂಗುರಕ್ಕೂ 30 ಭಾಗ ಸೂರ್ಯಚಕ್ರಕ್ಕೂ ಹಂಚಿಹೋಗುತ್ತದೆ. ಈ ತತ್ತ್ವದ ಏರ್ಪಾಡಿಗೆ ಅಮೆರಿಕದ ಟಿ.ಆರ್.ಡಬ್ಲ್ಯು. ಸಂಸ್ಥೆಯ ಎಂಜಿನಿಯರುಗಳು 1971ರಷ್ಟು ಹಿಂದೆಯೇ ಹಕ್ಕುಪತ್ರವನ್ನು ಪಡೆದಿದ್ದರು. ಹಿಡಿದು ಬಿಡುವ ಕ್ಲಚ್ ಬಿಲ್ಲೆಗಳಾಗಲಿ ಪಟ್ಟಿಗಳಾಗಲಿ ಪ್ರಿಯಸ್ಸಿನ ಈ ಪೆಟ್ಟಿಗೆಯಲ್ಲಿಲ್ಲ. ಯಾವ ಗುಣಕ್ಕಾಗಿ ತಿಮಿಂಗಿಲಗಳು ಬಲಿಯಾದವೋ ಆ ಹಿಡಿತದ ಗುಣವು ಇಲ್ಲಿ ಬಹುಮಟ್ಟಿಗೆ ಅನಾವಶ್ಯಕವಾಯಿತು.

ಎಣ್ಣೆಗೆ ಇಲ್ಲಿ ಬೇರೆ ಹೊರೆ ಬಿದ್ದಿದೆ. ಹಲ್ಲುಚಕ್ರಗಳನ್ನು ಕಾಪಾಡುವುದರ ಜೊತೆಗೆ ಮೋಟರುಗಳ ತಾಮ್ರದ ಸುರುಳಿಗಳ ಕಾವನ್ನೂ ಅದು ಹೀರಬೇಕು. ಸುರುಳಿಗಳಿಗೆ ತಗುಲುವುದರಿಂದ ವಿದ್ಯುತ್ತನ್ನು ಹರಿಯಗೊಡಲೂ ಬಾರದು. ಹೊಸ ಚಕ್ರಗಳು ಪರಸ್ಪರ ಒಗ್ಗಿಕೊಳ್ಳುವಾಗ ಉದುರುವ ಲೋಹದ ಸೂಕ್ಷ್ಮ ಚೂರ್ಣವೂ, ಗಾಳಿಯ ತೇವವೂ ಸೇರಿದಂತೆ ಈ ನಿರೋಧಕಗುಣ ಕುಂದುತ್ತದೆ. ಮೊದಲ ಸಲ ಹೊರಬರುವ ಎಣ್ಣೆಯು ಕೆಂಪು ಬಣ್ಣವನ್ನು ಕಳೆದುಕೊಂಡು ಕಪ್ಪಾಗಿ ಕಾಣುವುದಕ್ಕೆ ಈ ಚೂರ್ಣವೂ ಒಂದು ಕಾರಣ. ಆದುದರಿಂದ ಮೊದಲನೆಯ ಬದಲಾವಣೆಯೇ ಮುಖ್ಯವಾದುದೆಂದು ನಾವು ಭಾವಿಸುತ್ತೇವೆ.

ಕೆಲಸದ ಕ್ರಮವಂತೂ ಸರಳ. ಕಾರು ಸಮತಟ್ಟಾದ ನೆಲದಲ್ಲಿರಬೇಕು. ಎತ್ತಬೇಕಾದಲ್ಲಿ ನಾಲ್ಕು ಮೂಲೆಗಳನ್ನೂ ಸಮವಾಗಿ ಎತ್ತಿ ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಬೇಕೇ ಹೊರತು ಬರಿಯ ಜಾಕಿನ ಮೇಲೆ ನಂಬಿಕೆಯಿಟ್ಟು ಅಡಿಗೆ ಹೋಗಬಾರದು. ಹೈಬ್ರಿಡ್ ಕಾರು ನಿಶ್ಶಬ್ದವಾಗಿ ನಿಂತಿದ್ದರೂ ಚಾಲೂ ಸ್ಥಿತಿಯಲ್ಲಿದ್ದು ಎಂಜಿನ್ ಹಠಾತ್ತನೆ ತಾನೇ ಹೊರಡಬಹುದು. ಆದುದರಿಂದ ಅದನ್ನು ಪೂರ್ತಿಯಾಗಿ ಆರಿಸಿ ಬೀಗದ ಕೈಯನ್ನು ದೂರವಿಡತಕ್ಕದ್ದು. ಕಿತ್ತಳೆ ಬಣ್ಣದ ದಪ್ಪ ತಂತಿಗಳು ಅಧಿಕ ವಿದ್ಯುತ್ತಿನವು. ಈ ಕೆಲಸಕ್ಕೆ ಅವುಗಳನ್ನು ಮುಟ್ಟಬೇಕಾದ ಪ್ರಸಂಗವೇ ಬರುವುದಿಲ್ಲ. ಮೊದಲು ಎಣ್ಣೆ ತುಂಬುವ ಬಿರಡೆಯನ್ನು ಸಡಿಲಿಸಿ ನೋಡಿ, ಅದು ಬಿಚ್ಚುತ್ತದೆಂದು ಖಚಿತವಾದ ಮೇಲೆಯೇ ಹರಿಸುವ ಬಿರಡೆಯನ್ನು ಬಿಚ್ಚಬೇಕು. ಕ್ರಮ ತಪ್ಪಿದರೆ ಬರಿದಾದ ಪೆಟ್ಟಿಗೆಯುಳ್ಳ ಕಾರು ಅಂಗಳದಲ್ಲಿಯೇ ಉಳಿದೀತು. ಎರಡನೆಯ ತಲೆಮಾರಿನ ಪ್ರಿಯಸ್ಸಿನಲ್ಲಿ ಎಣ್ಣೆಯ ಬಿರಡೆಯ ಸಮೀಪದಲ್ಲಿಯೇ ತಂಪುನೀರಿನ ಬಿರಡೆಯೂ ಇರುವುದರಿಂದ ಗುರುತಿಸುವಲ್ಲಿ ಎಚ್ಚರ ಬೇಕು. ಎಣ್ಣೆ ಹನಿಯುವುದು ನಿಂತ ಬಳಿಕ ಹೊಸ ವಾಷರನ್ನು ಹಾಕಿ ಬಿಗಿದು, ಉದ್ದವಾದ ಕೊಳವೆ ಮತ್ತು ಆಲಿಕೆಯ ಮೂಲಕ ಹೊಸ ಎಣ್ಣೆಯನ್ನು ಹೊಯ್ಯಬೇಕು. ಆ ಮಾದರಿಗೆ ಹಿಡಿಯುವುದು ಸುಮಾರು 3.8 ಲೀಟರು, ಎಣ್ಣೆ ತಯಾರಕರು ಗೊತ್ತುಪಡಿಸಿದ ‘ಡಬ್ಲ್ಯು.ಎಸ್.’ ಜಾತಿಯದೇ ಆಗಿರಬೇಕು. ತುಂಬುವ ರಂಧ್ರದ ಕೆಳಂಚಿಗೆ ಎಣ್ಣೆ ಬಂದು ತಾಕಿದರೆ ಮಟ್ಟ ಸರಿ. ಮಾಡೆಲ್ ಟಿ ಕಾರಿನ ನಲ್ಲಿಗಳ ಉಪಾಯವೇ ಇದು. ನಡುವೆ ಬಂದ ಕಡ್ಡಿ ಹೋಗಿ, ಅದಕ್ಕಿಂತ ಹಳೆಯ ವಿಧಾನ ಹಿಂದಿರುಗಿದೆ. ಸಾಮಾನ್ಯ ಸ್ವಯಂಚಾಲಿತ ಪೆಟ್ಟಿಗೆಯಲ್ಲಿ ಎಣ್ಣೆಯ ಒಂದು ಭಾಗ ಒಳಗೇ ಉಳಿಯುತ್ತದೆ. ಕಡ್ಡಿಯಿಲ್ಲದ ಮಾದರಿಗಳಲ್ಲಿ ನಿರ್ದಿಷ್ಟ ಉಷ್ಣಾಂಶದಲ್ಲಿಯೇ ಮಟ್ಟವನ್ನು ನೋಡಬೇಕಾಗುತ್ತದೆ. ಇಲ್ಲಿ ಅಂತಹ ತೊಡಕಿಲ್ಲ. ಅತ್ಯಂತ ಜಟಿಲವೆಂದು ಹೆಸರಾದ ಯಂತ್ರವೇ ಈ ಒಂದು ವಿಷಯದಲ್ಲಿ ಒಡೆಯನಿಗೆ ಅತ್ಯಂತ ಸುಲಭವಾದುದು.

ಹಾಗಿದ್ದೂ ಭಯ ಉಳಿದಿರುವುದೇಕೆ? ಖಾತರಿ ತಪ್ಪಿಹೋದೀತೆಂಬ ಶಂಕೆ ಒಂದು ಕಾರಣ. ಅಮೆರಿಕದಲ್ಲಿ 1975ರ ಮ್ಯಾಗ್ನುಸನ್-ಮಾಸ್ ಕಾಯಿದೆಯು, ತನ್ನದೇ ಮುದ್ರೆಯ ಪದಾರ್ಥವನ್ನು ಬಳಸಿದರೆ ಮಾತ್ರ ಖಾತರಿ ಎಂಬ ಷರತ್ತನ್ನು ತಯಾರಕರು ಹಾಕದಂತೆ ಸಾಮಾನ್ಯವಾಗಿ ತಡೆಯಿತು. ಮ್ಯಾಸಚೂಸೆಟ್ಸ್ ಪ್ರಾಂತದ ಮತದಾರರು 2012ರಲ್ಲಿ, ದುರಸ್ತಿಗೆ ಬೇಕಾದ ಮಾಹಿತಿಯನ್ನು ಹೊರಗಿನ ಮೆಕ್ಯಾನಿಕ್‌ಗಳಿಗೂ ಒಡೆಯರಿಗೂ ಒದಗಿಸಬೇಕೆಂದು ಮತವಿತ್ತರು. ನಮ್ಮ ದೇಶದಲ್ಲಿ 2014ರ ಆಗಸ್ಟಿನಲ್ಲಿ ಭಾರತದ ಸ್ಪರ್ಧಾ ಆಯೋಗವು, ಬಿಡಿಭಾಗಗಳನ್ನೂ ತಪಾಸಣೆಯ ಸಾಧನಗಳನ್ನೂ ಸ್ವತಂತ್ರ ಮೆಕ್ಯಾನಿಕ್‌ಗಳಿಗೆ ದೊರೆಯಗೊಡಲಿಲ್ಲವೆಂಬ ಕಾರಣಕ್ಕಾಗಿ 14 ಕಾರು ತಯಾರಕರಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿಗಳ ದಂಡ ವಿಧಿಸಿತು. ಆ ಆದೇಶದ ಮೇಲೆ ಮೇಲ್ಮನವಿಗಳು ನಡೆದುವಾದರೂ, ಪ್ರಶ್ನೆಯು ಸಾರ್ವಜನಿಕವಾಗಿ ಎದ್ದಿತೆಂಬುದೇ ಚರಿತ್ರೆಯ ದೃಷ್ಟಿಯಿಂದ ಮುಖ್ಯ.

ಈ ವಿಚಾರ ನಮ್ಮ ನಾಡಿಗೆ ದೂರದ್ದೇನೂ ಅಲ್ಲ. ಬೆಂಗಳೂರು-ಮೈಸೂರು ರಸ್ತೆಯ ಬಿಡದಿಯ ಕಾರ್ಖಾನೆಯಲ್ಲಿ 2022ರಿಂದ ಈಚೆಗೆ ಇನ್ನೋವಾ ಹೈಕ್ರಾಸ್ ಮೊದಲಾದ ಹೈಬ್ರಿಡ್ ಕಾರುಗಳು ತಯಾರಾಗುತ್ತ ಬಂದಿವೆ. ಅವು ಮುಂದೆ ಎರಡನೆಯ, ಮೂರನೆಯ ಒಡೆಯರ ಕೈಸೇರುವುವು. ಹರಿಸಿದ ಹಳೆಯ ಎಣ್ಣೆಯನ್ನು ಚರಂಡಿಗೋ ಬೇಲಿಯ ಬುಡಕ್ಕೋ ಸುರಿಯದೆ ಡಬ್ಬಿಯಲ್ಲಿ ತುಂಬಿ, ಬಳಸಿದ ಎಣ್ಣೆಯನ್ನು ಶುದ್ಧೀಕರಣಕ್ಕೆ ಕಳುಹಿಸುವವರಿಗೆ ಒಪ್ಪಿಸುವುದು ಮನೆಯಲ್ಲಿ ಈ ಕೆಲಸ ಮಾಡುವವರ ಹೊಣೆ. ಬದಲಾವಣೆಯ ದಿನಾಂಕವನ್ನೂ ಕಾರು ಓಡಿದ ಕಿಲೋಮೀಟರನ್ನೂ ಕಾರಿನ ಕೈಪಿಡಿಯಲ್ಲಿಯೇ ಬರೆದಿಡುವುದು ಮುಂದಿನ ಒಡೆಯನಿಗೆ ಉಪಯುಕ್ತ. ನಮ್ಮಂತಹ ಸಂಶೋಧಕರಿಗೂ ಅದು ಬೇಕಾದುದೇ. ಮನೆಯಲ್ಲಿ ನಡೆದ ಕೆಲಸಕ್ಕೆ ಬಿಲ್ಲಿಲ್ಲ, ದಾಖಲೆಯಿಲ್ಲ. ಒಡೆಯರ ಟಿಪ್ಪಣಿಗಳಿಂದ ಕೂಡಿದ ಇಂತಹ ಹಳೆಯ ಕೈಪಿಡಿಗಳು ರದ್ದಿಗೆ ಹೋಗುವ ಮುನ್ನ ಕಾಲೇಜುಗಳ ಗ್ರಂಥಾಲಯಗಳು ಅವನ್ನು ಕೇಳಿ ಪಡೆದು, ವರ್ಷವಾರಿಯಾಗಿ ಜೋಡಿಸಿಡುವುದು ಉಚಿತವೆಂದು ಸೂಚಿಸುತ್ತೇವೆ.