ತೋಟದ ಹೆಸರು, ಗ್ರೇಡಿನ ಹೆಸರು: ಮೈಸೂರು ಸೀಮೆಯ ಕಾಫಿಬೀಜ ಕಳೆದುಕೊಂಡು ಪಡೆದ ಗುರುತು

ಮನೆಯಲ್ಲಿ ಕಾಫಿ ಮಾಡಿಕೊಳ್ಳಲು ಇಂದು ಕೊಳ್ಳುವ ಬೀಜದ ಪೊಟ್ಟಣಗಳಲ್ಲಿ ತೋಟದ ಹೆಸರು, ಅದು ಸಮುದ್ರಮಟ್ಟದಿಂದ ಇರುವ ಎತ್ತರ, ಗಿಡದ ತಳಿ, ಹಣ್ಣನ್ನು ಸಂಸ್ಕರಿಸಿದ ರೀತಿ ಮತ್ತು ಬೀಜ ಹುರಿದ ದಿನಾಂಕ ಅಚ್ಚಾಗಿರುವುದು ಸಾಮಾನ್ಯ ಸಂಗತಿಯಾಗಿದೆ. ಒಂದೇ ತೋಟದಲ್ಲಿ, ಅಥವಾ ಎಲ್ಲೆ ಸ್ಪಷ್ಟವಾಗಿರುವ ಒಂದೇ ಪ್ರದೇಶದಲ್ಲಿ ಬೆಳೆದು, ಬೇರೆಡೆಯ ಬೀಜದೊಡನೆ ಬೆರೆಯದೆ ಗ್ರಾಹಕನನ್ನು ತಲುಪುವ ಇಂಥ ಕಾಫಿಗೆ ವ್ಯಾಪಾರದಲ್ಲಿ ಸಿಂಗಲ್ ಒರಿಜಿನ್, ಅಂದರೆ ಏಕಮೂಲದ ಕಾಫಿ ಎಂಬ ಹೆಸರಿದೆ. ಕಳೆದ ದಶಕದಲ್ಲಿ ನಗರಗಳಲ್ಲಿ ಹುಟ್ಟಿದ ಹೊಸ ಅಭಿರುಚಿಯೆಂದು ಇದನ್ನು ಭಾವಿಸುವವರೇ ಹೆಚ್ಚು. ಆದರೆ ಮೈಸೂರು ಸೀಮೆಯ ಕಾಫಿಯ ಚರಿತ್ರೆಯನ್ನು ನೋಡಿದರೆ, ತೋಟದ ಹೆಸರು ಬೀಜದೊಡನೆ ಮೊದಲೇ ಇತ್ತೆಂದೂ, ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಸುಮಾರು ಅರ್ಧ ಶತಮಾನ ಕಾಲ ಅದು ಅಳಿಸಿಹೋಗಿತ್ತೆಂದೂ ತಿಳಿಯುತ್ತದೆ.

ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸೂಫಿ ಸಂತರು ಯೆಮೆನ್ ದೇಶದಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ, ಅಂದರೆ ಇಂದಿನ ಬಾಬಾಬುಡನ್‌ಗಿರಿಯಲ್ಲಿ, ನೆಟ್ಟರೆಂಬ ಐತಿಹ್ಯ ಪ್ರಸಿದ್ಧವಾಗಿದೆ. ಬಹುಕಾಲ ಹಿತ್ತಲ ಗಿಡವಾಗಿಯೇ ಉಳಿದಿದ್ದ ಕಾಫಿ ತೋಟದ ಬೆಳೆಯಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1830ರ ಸುಮಾರಿಗೆ ಕ್ಯಾನನ್ ಎಂಬ ಬ್ರಿಟಿಷ್ ಬೆಳೆಗಾರ ಬಾಬಾಬುಡನ್‌ಗಿರಿಯ ದಕ್ಷಿಣದ ಎತ್ತರದ ಸಾಲಿನಲ್ಲಿ, ಕಾಡುಮರಗಳನ್ನು ಪೂರ್ತಿ ಕಡಿಯದೆ ಅವುಗಳ ನೆರಳಿನಲ್ಲೇ ತೋಟ ಮಾಡಿದನು. 1843ರಲ್ಲಿ ಗ್ರೀನ್ ಎಂಬಾತ ಮಂಜರಾಬಾದಿನಲ್ಲಿ, ಅಂದರೆ ಇಂದಿನ ಸಕಲೇಶಪುರದ ಸೀಮೆಯಲ್ಲಿ, ಐಗೂರಿನ ಬಳಿ ಅದೇ ಕೆಲಸಕ್ಕೆ ಕೈಹಾಕಿದನು. ಈ ತೋಟಗಳ ಬೀಜ ಘಟ್ಟ ಇಳಿದು ಮಂಗಳೂರಿನ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಹದಗೊಂಡು ಹಡಗು ಹತ್ತುವಾಗ ಮೂಟೆಯ ಮೇಲೆ ತೋಟದ ಗುರುತು ಇರುತ್ತಿತ್ತು. ಲಂಡನ್ನಿನ ದಲ್ಲಾಳಿಗಳು ಆ ಗುರುತನ್ನು ನೋಡಿ ಬೆಲೆ ಕೂಗುತ್ತಿದ್ದುದರಿಂದ, ಕ್ಯಾನನ್ ತೋಟದ ಕಾಫಿ ಅವರಿಗೆ ಆ ಹೆಸರಿನಿಂದಲೇ ಪರಿಚಿತವಾಗಿತ್ತು.

ರುಚಿಗೂ ನೆಲಕ್ಕೂ ಇರುವ ನಂಟನ್ನು ಆ ಕಾಲದಲ್ಲೇ ಗಮನಿಸಿದ್ದಕ್ಕೆ ಒಂದು ಒಳ್ಳೆಯ ಸಾಕ್ಷಿ ಉಳಿದಿದೆ. ಮೊದಲ ತೋಟಗಳಲ್ಲಿ ಇದ್ದದ್ದು ಚಿಕ್ಕಮಗಳೂರಿನ ಹೆಸರಿನಿಂದಲೇ ‘ಚಿಕ್’ ಎಂದು ಕರೆಸಿಕೊಂಡ ಹಳೆಯ ಅರೇಬಿಕಾ ತಳಿ. 1860ರ ದಶಕದ ಕೊನೆಗೆ ಕಾಂಡಕೊರಕದ ಹಾವಳಿಯಿಂದ, ಅಂದರೆ ಬೆಳೆಗಾರರು ಇಂದಿಗೂ ಬೋರರ್ ಎಂದು ಕರೆಯುವ, ಗಿಡದ ಕಾಂಡದೊಳಗೆ ಸುರಂಗ ಕೊರೆದು ಅದನ್ನು ಒಣಗಿಸುವ ಹುಳುವಿನಿಂದ, ಆ ತಳಿ ಬಹುಮಟ್ಟಿಗೆ ನಾಶವಾಯಿತು. ಅದರ ಜಾಗದಲ್ಲಿ ಕೊಡಗಿನಿಂದ ತಂದ ತಳಿಯನ್ನು ನೆಟ್ಟಾಗ, ಮೈಸೂರು ಕಾಫಿಯ ಗುಣ ಕೆಡುವುದೆಂದು ಲಂಡನ್ನಿನ ದಲ್ಲಾಳಿಗಳು ಅಳುಕಿದರು. ಮಂಜರಾಬಾದಿನಲ್ಲಿ ದಶಕಗಳ ಕಾಲ ಬೆಳೆಗಾರನಾಗಿದ್ದ ರಾಬರ್ಟ್ ಎಲಿಯಟ್ 1894ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಬದಲಾವಣೆಯನ್ನು ವಿವರಿಸುತ್ತ, ಹೊಸ ಗಿಡಗಳಿಗೆ ವಯಸ್ಸಾದಂತೆಲ್ಲ ಅವುಗಳ ಬೀಜ ಹಳೆಯ ಮೈಸೂರು ಕಾಫಿಯ ಗುಣವನ್ನೇ ಹೊಂದುತ್ತ ಬಂದಿತೆಂದು ದಾಖಲಿಸುತ್ತಾನೆ. ತಳಿ ಬದಲಾದರೂ ನೆಲ, ನೆರಳು, ಮಳೆ ಮತ್ತು ಎತ್ತರ ಸೇರಿ ರುಚಿಯನ್ನು ತಮ್ಮ ಕಡೆಗೆ ಎಳೆದುಕೊಂಡವೆಂಬ ಈ ಮಾತು ಏಕಮೂಲದ ಕಾಫಿಯ ಇಡೀ ತರ್ಕವನ್ನು ಒಳಗೊಂಡಿದೆ.

ಹೆಸರು ಅಳಿಸಿಹೋದದ್ದಕ್ಕೆ ಕಾರಣ ಯುದ್ಧ. ಎರಡನೆಯ ಮಹಾಯುದ್ಧದಲ್ಲಿ ಯೂರೋಪಿನ ಮಾರುಕಟ್ಟೆ ಮುಚ್ಚಿ ಬೆಳೆಗಾರರು ದಿಕ್ಕೆಟ್ಟಾಗ ಸರ್ಕಾರ 1940ರಲ್ಲಿ ಸುಗ್ರೀವಾಜ್ಞೆಯನ್ನೂ 1942ರಲ್ಲಿ ಕಾಯಿದೆಯನ್ನೂ ತಂದು ಪೂಲ್ ಪದ್ಧತಿಯನ್ನು ಜಾರಿಗೊಳಿಸಿತು. ಮನೆಬಳಕೆಗೆ ಮತ್ತು ಬಿತ್ತನೆಗೆ ಬೇಕಾದಷ್ಟನ್ನು ಉಳಿಸಿಕೊಂಡು ಮಿಕ್ಕ ಬೆಳೆಯನ್ನೆಲ್ಲ ಬೆಳೆಗಾರ ಸರ್ಕಾರದ ಕಾಫಿ ಮಂಡಲಿಯ ಪೂಲಿಗೆ ಒಪ್ಪಿಸಬೇಕಾಗಿತ್ತು. ಮಂಡಲಿ ಅದನ್ನು ದರ್ಜೆಗಳಾಗಿ ವಿಂಗಡಿಸಿ ಹರಾಜು ಹಾಕಿ, ಪ್ರತಿ ದರ್ಜೆಗೆ ಗೊತ್ತುಪಡಿಸಿದ ಪಾಯಿಂಟುಗಳ ಲೆಕ್ಕದಲ್ಲಿ ಹಣವನ್ನು ಕಂತುಗಳಲ್ಲಿ ಪಾವತಿ ಮಾಡುತ್ತಿತ್ತು. ಕೊಳ್ಳುವವರೇ ಇಲ್ಲದ ಕಾಲದಲ್ಲಿ ಕಾಫಿ ಬೆಳೆಯನ್ನು, ಅದರಲ್ಲೂ ಸಣ್ಣ ಹಿಡುವಳಿದಾರರನ್ನು, ಈ ವ್ಯವಸ್ಥೆ ಕಾಪಾಡಿತೆಂಬುದನ್ನು ಮರೆಯುವುದು ಅನ್ಯಾಯವಾಗುತ್ತದೆ. ಆದರೆ ಅದಕ್ಕೆ ತೆತ್ತ ಬೆಲೆಯೂ ದೊಡ್ಡದು. ಹಣ್ಣನ್ನು ಒಂದೊಂದಾಗಿ ಆರಿಸಿ ಕೊಯ್ದವನ ಬೀಜವೂ, ಕೊಂಬೆಯಿಂದ ಕಾಯಿ ಹಣ್ಣುಗಳನ್ನು ಒಟ್ಟಿಗೆ ಎಳೆದು ಸುರಿದವನ ಬೀಜವೂ ಒಂದೇ ಜರಡಿಯಲ್ಲಿ ನಿಂತರೆ ಬಹುಮಟ್ಟಿಗೆ ಒಂದೇ ಬೆಲೆ ಪಡೆಯುವಾಗ, ರುಚಿಗಾಗಿ ಶ್ರಮಪಡಲು ಬೆಳೆಗಾರನಿಗೆ ಕಾರಣವೇ ಉಳಿಯಲಿಲ್ಲ.

ಪೂಲಿನ ದರ್ಜೆಗಳು ಮನೆಮನೆಯ ಮಾತಾದ ಬಗೆ ವಿಶೇಷ ಗಮನಕ್ಕೆ ಯೋಗ್ಯವಾಗಿದೆ. ಕೊಯ್ದ ದಿನವೇ ಹಣ್ಣಿನ ಸಿಪ್ಪೆಯನ್ನು ಪಲ್ಪರ್ ಯಂತ್ರದಲ್ಲಿ ಬಿಡಿಸಿ, ಬೀಜಕ್ಕೆ ಅಂಟಿದ ಲೋಳೆ ಕರಗುವವರೆಗೆ ಹುಳಿಯಲು ಬಿಟ್ಟು, ತೊಳೆದು, ಕಣದಲ್ಲಿ ಒಣಗಿಸಿದ ಬೀಜ ಪಾರ್ಚ್‌ಮೆಂಟ್ ಎನಿಸಿಕೊಳ್ಳುತ್ತದೆ. ಹಣ್ಣನ್ನು ಸಿಪ್ಪೆಸಹಿತ ಒಣಗಿಸಿದರೆ ಅದು ಚೆರ್ರಿ. ಅರೇಬಿಕಾ ಪಾರ್ಚ್‌ಮೆಂಟಿನ ಹೊರಪೊರೆಯನ್ನು ಕ್ಯೂರಿಂಗ್ ವರ್ಕ್ಸ್‌ನಲ್ಲಿ ತೆಗೆದು ಜರಡಿ ಹಿಡಿದಾಗ ಬರುವ ದಪ್ಪ ಬೀಜ ಪ್ಲಾಂಟೇಷನ್ ಎ. ಹಣ್ಣಿನಲ್ಲಿ ಎರಡರ ಬದಲು ಒಂದೇ ಬೀಜ ಬೆಳೆದು ಗುಂಡಗಾದದ್ದು ಪೀಬರಿ, ಅಂಗಡಿಯ ಮಾತಿನಲ್ಲಿ ಪಿ.ಬಿ. ಬೆಂಗಳೂರು, ಮೈಸೂರಿನ ಕಾಫಿಪುಡಿ ಅಂಗಡಿಗಳಲ್ಲಿ ಪಿ.ಬಿ. ಎಷ್ಟು, ಪ್ಲಾಂಟೇಷನ್ ಎ ಎಷ್ಟು, ರೋಬಸ್ಟಾ ಬೇಕೇ ಬೇಡವೇ, ಚಿಕೋರಿ ಎಷ್ಟು ಪಾಲು ಎಂಬುದನ್ನು ಪ್ರತಿ ಮನೆಯವರೂ ನಿಖರವಾಗಿ ಹೇಳಿ, ಕಣ್ಣೆದುರಿಗೇ ಹುರಿಸಿ, ಫಿಲ್ಟರಿಗೆ ತಕ್ಕ ಹದಕ್ಕೆ ಪುಡಿ ಮಾಡಿಸಿ, ಬಿಸಿಯಾರುವ ಮೊದಲೇ ಮನೆಗೆ ಒಯ್ಯುತ್ತಿದ್ದರು. ಬೀಜವನ್ನು ವಿಚಾರಿಸಿ ಆರಿಸುವ ಸಂಸ್ಕಾರ ಕನ್ನಡದ ಮನೆಗಳಿಗೆ ಹೊಸದೆಂದು ಹೇಳುವವರು ಈ ಅಂಗಡಿಗಳ ಚರಿತ್ರೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಕೊರತೆಯಿದ್ದದ್ದು ಒಂದೇ: ಗ್ರಾಹಕನಿಗೆ ಸಿಕ್ಕ ಮಾತುಗಳೆಲ್ಲ ಬೀಜದ ಗಾತ್ರವನ್ನೂ ಸಂಸ್ಕರಣೆಯನ್ನೂ ಹೇಳುತ್ತಿದ್ದವೇ ಹೊರತು, ಅದು ಬಾಬಾಬುಡನ್‌ಗಿರಿಯದೋ, ಕೊಡಗಿನದೋ, ಮಂಜರಾಬಾದಿನದೋ ಎಂಬುದನ್ನು ಹೇಳುತ್ತಿರಲಿಲ್ಲ. ಒಂದೇ ತೋಟದ ಕಾಫಿ ಕುಡಿಯುವ ಭಾಗ್ಯ ಆ ದಶಕಗಳಲ್ಲಿ ಹೆಚ್ಚಾಗಿ ಉಳಿದದ್ದು ಮನೆಬಳಕೆಗೆಂದು ಬೀಜ ತೆಗೆದಿಟ್ಟುಕೊಳ್ಳುತ್ತಿದ್ದ ಬೆಳೆಗಾರರ ಮನೆಗಳಲ್ಲಿ.

ಇದೇ ಅವಧಿಯಲ್ಲಿ ತೋಟದ ಗಿಡವೂ ಬದಲಾಯಿತು. ಮೈಸೂರು ಸರ್ಕಾರ 1925ರಲ್ಲಿ ಬಾಳೆಹೊನ್ನೂರಿನ ಬಳಿ ಸ್ಥಾಪಿಸಿದ ಸಂಶೋಧನಾ ಕೇಂದ್ರದಲ್ಲಿ ಎಲೆ ತುಕ್ಕು ರೋಗವನ್ನು ತಡೆಯುವ ತಳಿಗಳ ಹುಡುಕಾಟ ನಡೆದು, ಕೆಂಟ್ಸ್ ಎಂಬ ತಳಿಯನ್ನು ಎಸ್. 288ರೊಡನೆ ಕೂಡಿಸಿ ಪಡೆದ ಎಸ್. 795 ಎಂಬ ತಳಿ 1940ರ ದಶಕದಲ್ಲಿ ಬೆಳೆಗಾರರ ಕೈಸೇರಿ ಕರ್ನಾಟಕದ ಅರೇಬಿಕಾ ತೋಟಗಳಲ್ಲಿ ವ್ಯಾಪಕವಾಗಿ ಹರಡಿತು. ಇದರಿಂದ ಇಂದಿನ ಮನೆಬಳಕೆಯ ಗ್ರಾಹಕನಿಗೆ ಒಂದು ಅಪೂರ್ವ ಅನುಕೂಲವಾಗಿದೆ. ಒಂದೇ ತಳಿಯನ್ನು, ಒಂದೇ ರೀತಿ ತೊಳೆದು ಒಣಗಿಸಿ ಒಂದೇ ಹದಕ್ಕೆ ಹುರಿದದ್ದನ್ನು, ಬಾಬಾಬುಡನ್‌ಗಿರಿಯ ಒಂದು ತೋಟದಿಂದಲೂ ಕೊಡಗಿನ ತಗ್ಗಿನ ಒಂದು ತೋಟದಿಂದಲೂ ತಂದು ಹೋಲಿಸಿ ಕುಡಿದರೆ, ಎಲಿಯಟ್ ಹೇಳಿದ ನೆಲದ ಪ್ರಭಾವವನ್ನು ಯಾರು ಬೇಕಾದರೂ ತಾವೇ ಪರೀಕ್ಷಿಸಬಹುದು. ಎತ್ತರದ ತಂಪಿನಲ್ಲಿ ಹಣ್ಣು ನಿಧಾನವಾಗಿ ಮಾಗಿ ಬೀಜ ಗಟ್ಟಿಯಾಗುವುದರಿಂದ ಕಾಫಿಯಲ್ಲಿ ಹಿತವಾದ ಹುಳಿ ಹೆಚ್ಚು ಸ್ಪಷ್ಟವಾಗಿ ತೋರುತ್ತದೆ. ಚಿಕೋರಿ ಬೆರೆಸಿದರೆ, ಅಥವಾ ಬೀಜವನ್ನು ಕಪ್ಪಾಗುವಂತೆ ಹುರಿದರೆ, ಈ ಭೇದ ಉಳಿಯುವುದಿಲ್ಲ.

ಪೂಲ್ ಪದ್ಧತಿ 1992ರಿಂದ ಹಂತಹಂತವಾಗಿ ಸಡಿಲಗೊಂಡು, 1996ರ ವೇಳೆಗೆ ಬೆಳೆಗಾರನಿಗೆ ತನ್ನ ಬೆಳೆಯನ್ನೆಲ್ಲ ಇಷ್ಟಬಂದವರಿಗೆ ಮಾರುವ ಸ್ವಾತಂತ್ರ್ಯ ಸಿಕ್ಕಿತು. ಅಮೆರಿಕದ ಕಾಫಿ ವ್ಯಾಪಾರಿ ಎರ್ನಾ ಕ್ನುಟ್ಸೆನ್ 1974ರಲ್ಲಿ ಬಳಕೆಗೆ ತಂದ ಸ್ಪೆಷಾಲ್ಟಿ ಕಾಫಿ ಎಂಬ ಪರಿಕಲ್ಪನೆ, ಅಂದರೆ ವಿಶಿಷ್ಟ ಹವೆಯ ಸಣ್ಣ ಪ್ರದೇಶಗಳು ವಿಶಿಷ್ಟ ರುಚಿಯ ಬೀಜ ಕೊಡುತ್ತವೆಂಬ ವಿಚಾರ, ಅಷ್ಟರಲ್ಲಿ ಜಗತ್ತಿನ ಮಾರುಕಟ್ಟೆಯಲ್ಲಿ ಬೇರೂರಿತ್ತು. ನುರಿತವರು ಕುಡಿದು ನೋಡಿ ನೂರಕ್ಕೆ 80 ಅಥವಾ ಅದಕ್ಕಿಂತ ಹೆಚ್ಚು ಅಂಕ ಕೊಟ್ಟ ಕಾಫಿಗೆ ಆ ಹೆಸರು ಸಲ್ಲುವ ರೂಢಿಯೂ ಮುಂದೆ ಬೆಳೆಯಿತು. ಚಿಕ್ಕಮಗಳೂರು, ಕೊಡಗು, ಹಾಸನದ ಕೆಲವು ತೋಟಗಳು ತಮ್ಮ ಹೆಸರಿನಲ್ಲೇ ಮೊದಲು ಹೊರದೇಶಗಳಿಗೆ, ನಂತರ 2010ರ ದಶಕದಲ್ಲಿ ದೇಶದ ಸಣ್ಣ ಹುರಿಯುವ ಘಟಕಗಳಿಗೆ ಬೀಜ ಕೊಡತೊಡಗಿದವು. 2019ರಲ್ಲಿ ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ ಮತ್ತು ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು.

ಈ ಮರಳಿಕೆ ಇನ್ನೂ ಎಲ್ಲರ ಪಾಲಿಗೆ ಬಂದಿಲ್ಲ. ಕರ್ನಾಟಕದ ಕಾಫಿ ಹಿಡುವಳಿಗಳಲ್ಲಿ ಬಹುಪಾಲು ಹತ್ತು ಹೆಕ್ಟೇರಿಗಿಂತ ಚಿಕ್ಕವು. ಸ್ವಂತ ಪಲ್ಪರಾಗಲಿ ಸಾಕಷ್ಟು ದೊಡ್ಡ ಕಣವಾಗಲಿ ಇಲ್ಲದ ಸಣ್ಣ ಬೆಳೆಗಾರನು ತನ್ನ ಚೆರ್ರಿಯನ್ನು ಹತ್ತಿರದ ಪೇಟೆಯ ವ್ಯಾಪಾರಿಗೆ ಔಟ್‌ಟರ್ನ್ ಲೆಕ್ಕದಲ್ಲಿ, ಅಂದರೆ ಸಿಪ್ಪೆ ತೆಗೆದಾಗ ಎಷ್ಟು ಶುದ್ಧ ಬೀಜ ಸಿಗುತ್ತದೆಂಬ ಪ್ರಮಾಣವನ್ನು ನೋಡಿ, ಮಾರುತ್ತಾನೆ. ವ್ಯಾಪಾರಿಯ ಗೋದಾಮಿನಲ್ಲಿ ಆ ಮೂಟೆ ಹತ್ತಾರು ತೋಟಗಳ ಬೀಜದೊಡನೆ ಬೆರೆತುಹೋಗುತ್ತದೆ. ಕೆಲವು ಹಳ್ಳಿಗಳಲ್ಲಿ ಸಣ್ಣ ಬೆಳೆಗಾರರು ಒಟ್ಟುಗೂಡಿ, ಮಾಗಿದ ಹಣ್ಣನ್ನಷ್ಟೇ ಕೊಯ್ದು, ಒಂದೇ ಕಡೆ ಸಂಸ್ಕರಿಸಿ ಊರಿನ ಹೆಸರಿನಲ್ಲಿ ಮಾರುವ ಪ್ರಯತ್ನಕ್ಕೆ ಇಳಿದಿದ್ದು, ಅಂಥ ಪೊಟ್ಟಣಗಳು ಹೆಸರಾಂತ ತೋಟಗಳ ಪೊಟ್ಟಣಗಳ ಪಕ್ಕದಲ್ಲಿ ಈಗೀಗ ಕಾಣಿಸಿಕೊಳ್ಳುತ್ತಿವೆ.