ಮರಳಿನ ಮೇಲಣ ಅಕ್ಷರ: ಬೋಧನೋಪಕರಣ ಮತ್ತು ಬೋಧನೋದ್ದೇಶ

ಅಧ್ಯಾಪಕ ಶಿಕ್ಷಣದ ವಿದ್ಯಾಲಯಗಳಲ್ಲಿ ಶಿಕ್ಷಣಾರ್ಥಿಗಳು ಬರೆಯುವ ಪಾಠಯೋಜನೆಯಲ್ಲಿ ಉದ್ದೇಶಕ್ಕೊಂದು, ಉಪಕರಣಕ್ಕೊಂದು ಸ್ಥಳವನ್ನು ಬಿಟ್ಟಿರುವುದುಂಟು. ಇವೆರಡಕ್ಕೂ ಇರುವ ಸಂಬಂಧವೇನೆಂದು ವಿಚಾರಿಸುವವರು ವಿರಳ. ಕರಿಹಲಗೆಯ ಪಕ್ಕದಲ್ಲಿ ಗಣಕಯಂತ್ರದ ಪರದೆಯೂ ಬಂದು ನಿಂತಿರುವ ಈ ಕಾಲದಲ್ಲಿ ಆ ವಿಚಾರ ಇನ್ನಷ್ಟು ಅಗತ್ಯವಾಗಿದೆ. ಹೊಸ ಉಪಕರಣದಿಂದ ಪಾಠ ತಾನಾಗಿಯೇ ಉತ್ತಮಗೊಳ್ಳುವುದೆಂದು ಕೆಲವರೂ, ಅದರಿಂದ ಉಪಾಧ್ಯಾಯನ ಸ್ಥಾನಕ್ಕೆ ಕುಂದು ಬರುವುದೆಂದು ಕೆಲವರೂ ಭಾವಿಸುತ್ತಾರೆ. ಇತಿಹಾಸದ ಸಾಕ್ಷ್ಯ ಈ ಎರಡು ಪಕ್ಷಗಳನ್ನೂ ಪೂರ್ಣವಾಗಿ ಸಮರ್ಥಿಸುವುದಿಲ್ಲ. ಪ್ರಕೃತ ಲೇಖನದಲ್ಲಿ ನಾವು ಅತ್ಯಂತ ಸರಳವಾದ ಒಂದು ಬೋಧನೋಪಕರಣವನ್ನು, ಎಂದರೆ ಮರಳನ್ನು, ಮುಖ್ಯ ನಿದರ್ಶನವಾಗಿಟ್ಟುಕೊಂಡು ಈ ವಿಷಯವನ್ನು ಪರಿಶೀಲಿಸಬಯಸುತ್ತೇವೆ.

ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ೧೬೨೩ರಲ್ಲಿ, ಗೋವೆಯಿಂದ ಇಕ್ಕೇರಿಯ ವೆಂಕಟಪ್ಪನಾಯಕನ ಆಸ್ಥಾನಕ್ಕೆ ಹೊರಟಿದ್ದ ಪೋರ್ತುಗೀಸ್ ರಾಯಭಾರಿಯ ಸಂಗಡ, ಹೊನ್ನಾವರ ಗೇರುಸೊಪ್ಪೆಗಳ ಮಾರ್ಗವಾಗಿ ಘಟ್ಟವನ್ನೇರಿ ಬಂದನು. ದಾರಿಯಲ್ಲಿ ಒಂದು ಗುಡಿಯ ಮುಖಮಂಟಪದಲ್ಲಿ ನಾಲ್ವರು ಬಾಲಕರು ಲೆಕ್ಕ ಕಲಿಯುತ್ತಿದ್ದುದನ್ನು ಕಂಡು, ತನ್ನ ಪತ್ರದಲ್ಲಿ ಅದನ್ನು ವಿವರವಾಗಿ ವರ್ಣಿಸಿದ್ದಾನೆ. ಒಬ್ಬನು ಪಾಠದ ಒಂದು ಭಾಗವನ್ನು ರಾಗವಾಗಿ ಹೇಳುತ್ತ, ನೆಲದ ಮೇಲೆ ಹರಡಿದ್ದ ನುಣ್ಣನೆಯ ಮರಳಿನಲ್ಲಿ ಬೆರಳಿನಿಂದ ಅಂಕಿಯನ್ನು ಬರೆಯುವನು. ಉಳಿದವರು ಅದೇ ರಾಗದಲ್ಲಿ ಹೇಳಿ ಹಾಗೆಯೇ ಬರೆಯುವರು. ನೆಲ ತುಂಬಿದ ಮೇಲೆ ಹೊಸ ಮರಳನ್ನು ಚೆಲ್ಲಿಕೊಂಡು ಮುಂದುವರಿಯುವರು. ಉಪಾಧ್ಯಾಯನು ಆಗ ಅಲ್ಲಿರಲಿಲ್ಲ. ಮರೆತರೆ ತಿದ್ದುವವರು ಯಾರೆಂದು ಪ್ರವಾಸಿ ಕೇಳಿದಾಗ, ನಾಲ್ವರೂ ಒಂದೇ ಸ್ಥಳವನ್ನು ಒಟ್ಟಿಗೆ ಮರೆಯುವುದು ಸಾಧ್ಯವಿಲ್ಲವೆಂದು ಹುಡುಗರು ಉತ್ತರ ಕೊಟ್ಟರು.

ಈ ವರ್ಣನೆ ನಮಗೆ ಬಹು ಬೆಲೆಯುಳ್ಳದ್ದು. ಕಾಗದದ ವೆಚ್ಚವಿಲ್ಲದಿರುವುದು ಮರಳಿನ ಒಂದು ಗುಣ. ಅದಕ್ಕಿಂತಲೂ ಗಮನಾರ್ಹವಾದ ಗುಣ ಇನ್ನೊಂದಿದೆ. ಮರಳಿನ ಮೇಲೆ ಬರೆದದ್ದು ಉಳಿಯುವುದಿಲ್ಲವಾದ್ದರಿಂದ ಅದು ಕಲಿಯುವವನ ಮನಸ್ಸಿನಲ್ಲಿಯೇ ಉಳಿಯಬೇಕು. ಮಗ್ಗಿಯನ್ನು ಬಾಯಿಪಾಠಮಾಡಿಸುವುದು ಆ ಪದ್ಧತಿಯ ಉದ್ದೇಶ. ಕಿವಿ, ನಾಲಗೆ, ಬೆರಳು ಮೂರೂ ಒಂದೇ ಕೆಲಸದಲ್ಲಿ ತೊಡಗುವಂತೆ ಅಲ್ಲಿ ವ್ಯವಸ್ಥೆಯಾಗಿತ್ತು. ಅರ್ಥವಿವರಣೆಗೆ, ಪ್ರಶ್ನೆಗೆ ಅದರಲ್ಲಿ ಅವಕಾಶ ಕಡಿಮೆಯೆಂಬುದು ನಿಜ. ಆದರೆ ತಾನು ಹಿಡಿದ ಉದ್ದೇಶಕ್ಕೆ ತಕ್ಕ ಉಪಕರಣ ಅದಾಗಿತ್ತೆಂಬುದರಲ್ಲಿ ಸಂದೇಹವಿಲ್ಲ.

ಒಂದೂವರೆ ಶತಮಾನಕ್ಕೂ ಹೆಚ್ಚಿನ ಕಾಲ ಕಳೆದ ಮೇಲೆ ಇದೇ ಮರಳು ಮದರಾಸಿನಲ್ಲಿ ಮತ್ತೊಬ್ಬ ಯೂರೋಪಿಯನನ ಕಣ್ಣಿಗೆ ಬಿದ್ದಿತು. ಸ್ಕಾಟ್‌ಲೆಂಡಿನ ಪಾದ್ರಿ ಆಂಡ್ರೂ ಬೆಲ್ ೧೭೮೯ರಲ್ಲಿ ಎಗ್ಮೋರಿನ ಸೈನಿಕ ಅನಾಥ ಬಾಲಕರ ಶಾಲೆಯ ಮೇಲ್ವಿಚಾರಣೆಯನ್ನು ವಹಿಸಿಕೊಂಡನು. ದೇಶೀಯ ಶಾಲೆಯೊಂದರ ಮಕ್ಕಳು ಮಲಬಾರಿನ ರೀತಿಯಲ್ಲಿ ಮರಳಿನ ಮೇಲೆ ಅಕ್ಷರ ತಿದ್ದುತ್ತಿದ್ದುದನ್ನು ನೋಡಿ, ತನ್ನ ಶಾಲೆಯಲ್ಲಿಯೂ ಅದನ್ನು ತರಲು ಆಜ್ಞಾಪಿಸಿದನು. ಅಲ್ಲಿನ ಉಪಾಧ್ಯಾಯನು ಒಪ್ಪಲಿಲ್ಲ. ಆಗ ಬೆಲ್ ಎಂಟು ವರ್ಷದ ಒಬ್ಬ ವಿದ್ಯಾರ್ಥಿಗೆ ಆ ಕೆಲಸವನ್ನು ಒಪ್ಪಿಸಿದನು. ಬಾಲಕ ಅದನ್ನು ಸಮರ್ಪಕವಾಗಿ ನಿರ್ವಹಿಸಿದನು. ತಿಳಿದ ಹುಡುಗ ತಿಳಿಯದವನಿಗೆ ಕಲಿಸುವ ಈ ಕ್ರಮವನ್ನು ಬೆಲ್ ಶಾಲೆಗೆಲ್ಲ ವಿಸ್ತರಿಸಿ, ಇಂಗ್ಲೆಂಡಿಗೆ ಹಿಂದಿರುಗಿದ ಮೇಲೆ ೧೭೯೭ರಲ್ಲಿ ಅದರ ವರದಿಯನ್ನು ಪ್ರಕಟಿಸಿದನು. ಮರಳಿನ ಬಳಕೆಯನ್ನು ದೇಶೀಯರಿಂದ ಪಡೆದುದಾಗಿ ಆತನೇ ಹೇಳಿದ್ದಾನೆ. ವಿದ್ಯಾರ್ಥಿಯೇ ಬೋಧಕನಾಗುವ ಪದ್ಧತಿ ಮಾತ್ರ ತನ್ನದೆಂಬುದು ಆತನ ವಾದ. ಘಟ್ಟದ ನಾಲ್ವರು ಬಾಲಕರನ್ನು ನೆನೆದಾಗ, ಪರಸ್ಪರ ಕಲಿಕೆಯ ರೂಢಿ ದಕ್ಷಿಣ ಭಾರತದಲ್ಲಿ ಬೆಲ್‌ಗಿಂತ ಬಹು ಹಿಂದಿನದೆಂದು ಹೇಳುವುದು ಅನುಚಿತವಾಗದು.

ಇಂಗ್ಲೆಂಡಿನಲ್ಲಿ ಈ ಪದ್ಧತಿಯ ಗತಿ ಬೇರೆಯಾಯಿತು. ಅಲ್ಲಿ ೧೭೯೮ರಲ್ಲಿ ಲಂಡನ್ನಿನ ಸದರ್ಕ್ ಪ್ರದೇಶದಲ್ಲಿ ಜೋಸೆಫ್ ಲ್ಯಾಂಕಾಸ್ಟರನು ಬಡಮಕ್ಕಳಿಗಾಗಿ ಶಾಲೆಯನ್ನು ತೆರೆದಿದ್ದನು. ಅವನ ಶಾಲೆಯಲ್ಲಿ ಮರಳು ತುಂಬಿದ ಮೇಜುಗಳು, ಸ್ಲೇಟುಗಳು, ಗೋಡೆಗೆ ತೂಗುಹಾಕಿದ ಪಾಠದ ಫಲಕಗಳು, ಎಲ್ಲಕ್ಕೂ ಕ್ರಮಬದ್ಧವಾದ ಆಜ್ಞೆಗಳು ಇದ್ದವು. ಒಬ್ಬನೇ ಉಪಾಧ್ಯಾಯನು ಹಿರಿಯ ವಿದ್ಯಾರ್ಥಿಗಳ ನೆರವಿನಿಂದ ನೂರಾರು ಮಕ್ಕಳಿಗೆ ಅತ್ಯಲ್ಪ ವೆಚ್ಚದಲ್ಲಿ ಕಲಿಸಬಹುದೆಂಬುದೇ ಅದರ ಹೆಗ್ಗಳಿಕೆಯಾಯಿತು. ೧೮೧೧ರಲ್ಲಿ ಆಂಗ್ಲ ಚರ್ಚಿನವರು ಬೆಲ್‌ನ ಕ್ರಮವನ್ನು ಅನುಸರಿಸುವ ರಾಷ್ಟ್ರೀಯ ಸಂಘವನ್ನು ಸ್ಥಾಪಿಸಿದರು. ಅಕ್ಷರವನ್ನೇ ಕಾಣದಿದ್ದ ಸಾವಿರಾರು ಮಕ್ಕಳಿಗೆ ಇವುಗಳಿಂದ ಓದು ದೊರೆಯಿತೆಂಬುದನ್ನು ಮರೆಯಲಾಗದು. ಆದರೆ ಮಿತವ್ಯಯ ಮತ್ತು ಶಿಸ್ತುಗಳು ಮುಂದೆ ಬಂದಂತೆ ಕಲಿಕೆ ಹಿಂದೆ ಬಿದ್ದಿತು. ಹತ್ತು ಹನ್ನೆರಡು ವಯಸ್ಸಿನ ಬಾಲಬೋಧಕನು ತಾನು ಕಲಿತದ್ದನ್ನು ಯಾಂತ್ರಿಕವಾಗಿ ಒಪ್ಪಿಸಬಲ್ಲವನೇ ಹೊರತು, ಮಗುವಿನ ತೊಡಕನ್ನು ಅರಿತು ಪಾಠವನ್ನು ಬದಲಿಸಬಲ್ಲವನಾಗಿರಲಿಲ್ಲ.

ಈ ದೋಷಕ್ಕೆ ಕಂಡುಕೊಂಡ ಪರಿಹಾರ ಇನ್ನೊಂದು ಉಪಕರಣವಲ್ಲವೆಂಬುದನ್ನು ನಾವು ವಿಶೇಷವಾಗಿ ಲಕ್ಷಿಸಬೇಕು. ೧೮೪೬ರಲ್ಲಿ ಕೇ-ಷಟ್ಟಲ್‌ವರ್ತ್‌ನ ಪ್ರಯತ್ನದಿಂದ ಶಿಕ್ಷಣಾರ್ಥಿ-ಅಧ್ಯಾಪಕರ ಯೋಜನೆ ಜಾರಿಗೆ ಬಂದಿತು. ಕನಿಷ್ಠ ೧೩ ವರ್ಷ ವಯಸ್ಸಾದವರು ೫ ವರ್ಷ ಮುಖ್ಯೋಪಾಧ್ಯಾಯನ ಕೈಕೆಳಗೆ ಕಲಿಸುತ್ತ ಕಲಿಯಬೇಕು; ಅನಂತರ ಯೋಗ್ಯರಾದವರು ತರಬೇತಿ ವಿದ್ಯಾಲಯಕ್ಕೆ ಹೋಗಬಹುದು. ಕಲಿಸುವವನನ್ನೇ ಸಿದ್ಧಪಡಿಸದೆ ಪದ್ಧತಿಯಿಂದ ಫಲವಿಲ್ಲವೆಂಬ ಅರಿವು ಇದರ ಹಿಂದಿದೆ.

ಇದೇ ಸಮಸ್ಯೆ ಮರಳಿನಿಂದ ಬಹುದೂರದ ಒಂದು ಉಪಕರಣದ ಸಂದರ್ಭದಲ್ಲಿ ನಮ್ಮ ನಾಡಿನಲ್ಲಿಯೂ ಎದುರಾಯಿತು. ೧೯೭೫ರ ಆಗಸ್ಟಿನಿಂದ ೧೯೭೬ರ ಜುಲೈವರೆಗೆ, ಅಮೆರಿಕದ ಉಪಗ್ರಹವೊಂದರ ಮೂಲಕ ಭಾರತದ ಆರು ರಾಜ್ಯಗಳ ಎರಡು ಸಾವಿರಕ್ಕೂ ಹೆಚ್ಚು ಹಳ್ಳಿಗಳಿಗೆ ದೂರದರ್ಶನದ ಶೈಕ್ಷಣಿಕ ಕಾರ್ಯಕ್ರಮಗಳು ಬಿತ್ತರವಾದವು. ಕರ್ನಾಟಕದಲ್ಲಿ ಅಂದಿನ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು ಇದಕ್ಕೆ ಸೇರಿದ್ದವು. ಬೆಳಗಿನ ಹೊತ್ತು ಶಾಲಾ ಮಕ್ಕಳಿಗೆ ಪಾಠಗಳಿದ್ದವು. ಅದರೊಡನೆ ಪ್ರಾಥಮಿಕ ಶಾಲೆಯ ಉಪಾಧ್ಯಾಯರಿಗೆ ವಿಜ್ಞಾನ ಬೋಧನೆಯ ತರಬೇತಿಯನ್ನೂ ರಜೆಯ ದಿನಗಳಲ್ಲಿ ಏರ್ಪಡಿಸಲಾಯಿತು. ಅವರು ಪರದೆಯನ್ನು ನೋಡಿ ಸುಮ್ಮನಾಗದೆ, ಸುಲಭವಾಗಿ ಸಿಕ್ಕುವ ಸಾಮಗ್ರಿಗಳಿಂದ ಪ್ರಯೋಗಗಳನ್ನು ಮಾಡಿ, ತಮ್ಮತಮ್ಮಲ್ಲಿ ಚರ್ಚಿಸುವಂತೆ ಯೋಜಿಸಿದ್ದರು. ಪರದೆ ಒಂದು ವರ್ಷದ ಮೇಲೆ ಬರಿದಾಗುವುದು ಮೊದಲೇ ಗೊತ್ತಿದ್ದ ಸಂಗತಿ. ಕೈಯಲ್ಲಿ ಮಾಡಿ ಕಲಿಸುವ ಅಭ್ಯಾಸ ಉಪಾಧ್ಯಾಯನಲ್ಲಿ ಉಳಿಯಬಹುದಾಗಿತ್ತು.

ಮೇಲಿನ ಸಂಗತಿಗಳಿಂದ ನಾವು ಗ್ರಹಿಸುವುದಿಷ್ಟು. ಮರಳು ಮೂರು ಕಡೆಯೂ ಮರಳೇ. ಘಟ್ಟದಲ್ಲಿ ಅದು ಸ್ಮರಣೆಗೂ, ಎಗ್ಮೋರಿನಲ್ಲಿ ಮಕ್ಕಳನ್ನು ಕಲಿಕೆಯಲ್ಲಿ ತೊಡಗಿಸುವುದಕ್ಕೂ, ಲಂಡನ್ನಿನಲ್ಲಿ ಬಹುಮಟ್ಟಿಗೆ ಮಿತವ್ಯಯಕ್ಕೂ ಸಾಧನವಾಯಿತು. ಉಪಕರಣವನ್ನು ದೇಶದಿಂದ ದೇಶಕ್ಕೆ ಒಯ್ಯಬಹುದು; ಅದರ ಉದ್ದೇಶ ಅದರೊಡನೆ ತಾನಾಗಿ ಪಯಣಿಸುವುದಿಲ್ಲ. ಉದ್ದೇಶವನ್ನು ಪ್ರತಿಯೊಂದು ತರಗತಿಯಲ್ಲಿಯೂ ಉಪಾಧ್ಯಾಯನು ಹೊಸದಾಗಿ ನಿರ್ಧರಿಸಬೇಕಾಗುತ್ತದೆ. ಆದ್ದರಿಂದ ಶಿಕ್ಷಣಾರ್ಥಿಯು, ಈ ಪಾಠದ ಅಂತ್ಯದಲ್ಲಿ ಮಗು ಏನನ್ನು ಮಾಡಬಲ್ಲುದಾಗಬೇಕು ಎಂಬುದನ್ನು ಮೊದಲು ಬರೆದು, ಉಪಕರಣದ ಹೆಸರನ್ನು ಅನಂತರ ಬರೆಯುವುದು ಯುಕ್ತ. ಉಪಕರಣದ ಸ್ಥಳ ಕೆಲವು ದಿನ ಬರಿದಾಗಿಯೇ ಉಳಿದರೂ ಅದರಿಂದ ಪಾಠಕ್ಕೆ ಕೊರತೆಯಾಗಬೇಕಾಗಿಲ್ಲ.